ಮಿನಮಾಟಾ ಕೊಲ್ಲಿಯ ಪಾಠ

ಸಮುದ್ರವು ಅಪಾರವಾದುದು, ಅದಕ್ಕೆ ಏನನ್ನು ಸುರಿದರೂ ಕರಗಿ ಮರೆಯಾಗುವುದೆಂಬ ನಂಬಿಕೆ ಮಾನವನಲ್ಲಿ ಬಹುಕಾಲದಿಂದ ಬೇರೂರಿತ್ತು. ಹೊಳೆಗೆ ಎಸೆದ ಕಸವನ್ನು ಹೊಳೆ ಕೊಂಡೊಯ್ಯುತ್ತದೆ, ಆಕಾಶಕ್ಕೆ ಬಿಟ್ಟ ಹೊಗೆಯನ್ನು ಗಾಳಿ ಚದುರಿಸುತ್ತದೆ ಎಂದು ಅವನು ನಿಶ್ಚಿಂತನಾಗಿದ್ದನು. ಈ ನಂಬಿಕೆ ಎಷ್ಟು ಅಪಾಯಕರವೆಂಬುದನ್ನು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಜಪಾನಿನ ಒಂದು ಸಣ್ಣ ಪಟ್ಟಣವು ಜಗತ್ತಿಗೆ ತೋರಿಸಿಕೊಟ್ಟಿತು. ಆ ಪಟ್ಟಣದ ಹೆಸರು ಮಿನಮಾಟಾ.

ಜಪಾನಿನ ದಕ್ಷಿಣಕ್ಕಿರುವ ಕ್ಯೂಷೂ ದ್ವೀಪದ ಪಶ್ಚಿಮ ತೀರದಲ್ಲಿ ಮಿನಮಾಟಾ ಇದೆ. ಅದರೆದುರಿನ ಶಿರನುಯಿ ಸಮುದ್ರವು ದ್ವೀಪಗಳಿಂದ ಸುತ್ತುವರಿದು, ದೊಡ್ಡ ಅಲೆಗಳಿಲ್ಲದೆ ಶಾಂತವಾಗಿರುತ್ತದೆ. ಅಲ್ಲಿ ಮೀನು, ಸಿಗಡಿ, ಚಿಪ್ಪುಜೀವಿಗಳು ಹೇರಳವಾಗಿ ದೊರೆಯುತ್ತಿದ್ದವು. ತೀರದ ಬೆಸ್ತರಿಗೆ ಕಡಲೇ ಹೊಲ, ಮೀನೇ ಬೆಳೆ. ದಿನದ ಪ್ರತಿಯೊಂದು ಊಟದಲ್ಲಿಯೂ ಅವರು ಮೀನನ್ನು ತಿನ್ನುತ್ತಿದ್ದರು. ಇದೇ ಪಟ್ಟಣದಲ್ಲಿ ಚಿಸ್ಸೊ ಎಂಬ ಸಂಸ್ಥೆಯ ದೊಡ್ಡದೊಂದು ರಾಸಾಯನಿಕ ಕಾರ್ಖಾನೆಯಿತ್ತು. ಪ್ಲಾಸ್ಟಿಕ್ ಮೊದಲಾದ ವಸ್ತುಗಳ ತಯಾರಿಕೆಗೆ ಬೇಕಾದ ಅಸೆಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ಅದು 1932ರಿಂದ ಉತ್ಪಾದಿಸತೊಡಗಿತು. ಈ ಕ್ರಿಯೆಯನ್ನು ತ್ವರಿತಗೊಳಿಸಲು ಪಾದರಸದ ಲವಣವನ್ನು ಬಳಸುತ್ತಿದ್ದರು. ಬಳಸಿ ಉಳಿದ ನೀರನ್ನು ಕೊಲ್ಲಿಗೆ ಬಿಡುತ್ತಿದ್ದರು. ಕಾರ್ಖಾನೆಯಿಂದ ಊರಿಗೆ ಉದ್ಯೋಗ ದೊರೆಯಿತು, ಸಂಪತ್ತು ಬಂದಿತು. ಕೊಲ್ಲಿಗೆ ಹರಿದುಹೋಗುತ್ತಿದ್ದ ಕೊಳಕು ನೀರಿನ ಬಗೆಗೆ ಚಿಂತಿಸಿದವರು ಕಡಿಮೆ.

1950ರ ದಶಕದ ಆರಂಭದಲ್ಲಿ ವಿಚಿತ್ರವಾದ ಘಟನೆಗಳು ಕಾಣಿಸಿಕೊಂಡವು. ಮೀನುಗಳು ಸತ್ತು ನೀರಿನ ಮೇಲೆ ತೇಲಿದವು. ಹಾರುತ್ತಿದ್ದ ಕಾಗೆಗಳು ನೆಲಕ್ಕೆ ಬಿದ್ದವು. ಬೆಸ್ತರ ಮನೆಯ ಬೆಕ್ಕುಗಳು ತೂರಾಡಿ, ಸುತ್ತಸುತ್ತ ತಿರುಗಿ, ಕೆಲವೊಮ್ಮೆ ಕಡಲಿಗೆ ಬಿದ್ದು ಸತ್ತವು. ಜನರು ಇದನ್ನು ಬೆಕ್ಕುಗಳ ಕುಣಿತದ ರೋಗವೆಂದು ಕರೆದರು. ಆದರೆ ರೋಗವು ಬೆಕ್ಕುಗಳಲ್ಲಿಯೇ ನಿಲ್ಲಲಿಲ್ಲ.

1956ರ ಏಪ್ರಿಲ್‌ನಲ್ಲಿ ಕಾರ್ಖಾನೆಯ ಆಸ್ಪತ್ರೆಗೆ ಐದು ವರ್ಷದ ಬಾಲಕಿಯೊಬ್ಬಳನ್ನು ಕರೆತಂದರು. ಅವಳಿಗೆ ನೆಟ್ಟಗೆ ನಡೆಯಲಾಗುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಆಗಾಗ ಸೆಳವು ಬರುತ್ತಿತ್ತು. ಕೆಲವೇ ದಿನಗಳಲ್ಲಿ ಅವಳ ತಂಗಿಯೂ ಅದೇ ಸ್ಥಿತಿಗೆ ತಲುಪಿದಳು. ಆಸ್ಪತ್ರೆಯ ಮುಖ್ಯಸ್ಥರಾದ ಡಾ. ಹಜಿಮೆ ಹೊಸೊಕವಾ ಅವರು ಮೇ 1ರಂದು, ಕಾರಣ ತಿಳಿಯದ ನರರೋಗವೊಂದು ಹರಡುತ್ತಿದೆಯೆಂದು ಆರೋಗ್ಯಾಧಿಕಾರಿಗಳಿಗೆ ವರದಿ ಮಾಡಿದರು. ಮೊದಮೊದಲು ಇದನ್ನು ಸಾಂಕ್ರಾಮಿಕ ರೋಗವೆಂದು ಶಂಕಿಸಲಾಯಿತು. ರೋಗಿಗಳನ್ನು ಪ್ರತ್ಯೇಕವಾಗಿ ಇರಿಸಿದರು. ನೆರೆಯವರು ಅವರ ಮನೆಗೆ ಕಾಲಿಡಲು ಹೆದರಿದರು. ರೋಗದ ಸಂಕಟದೊಡನೆ ಬಹಿಷ್ಕಾರದ ದುಃಖವೂ ಆ ಬಡ ಸಂಸಾರಗಳ ಪಾಲಿಗೆ ಬಂದಿತು.

ಕುಮಮೋಟೊ ವಿಶ್ವವಿದ್ಯಾನಿಲಯದ ವೈದ್ಯರು ಪರಿಶೀಲನೆ ಆರಂಭಿಸಿದರು. ರೋಗವು ಅಂಟುಜಾಡ್ಯವಲ್ಲ, ಕೊಲ್ಲಿಯ ಮೀನುಗಳ ಮೂಲಕ ಬರುವ ಯಾವುದೋ ಲೋಹದ ವಿಷವೆಂಬುದು ಆ ವರ್ಷದ ಕೊನೆಯೊಳಗೇ ಅವರಿಗೆ ಹೊಳೆಯಿತು. ಆದರೆ ಯಾವ ಲೋಹ? ಮ್ಯಾಂಗನೀಸ್, ಥ್ಯಾಲಿಯಮ್ ಮೊದಲಾದವುಗಳ ಮೇಲೆ ಸಂಶಯ ಮೂಡಿತು. ಬೀಜಗಳಿಗೆ ಲೇಪಿಸುವ ಪಾದರಸದ ಔಷಧವನ್ನು ತಯಾರಿಸುತ್ತಿದ್ದ ಇಂಗ್ಲೆಂಡಿನ ಕೆಲಸಗಾರರಲ್ಲಿ ಇಂಥದೇ ಲಕ್ಷಣಗಳು ಕಂಡುಬಂದಿದ್ದುದನ್ನು 1940ರ ವೈದ್ಯಕೀಯ ವರದಿಯೊಂದು ವಿವರಿಸಿತ್ತು. ಆ ಸುಳಿವು ನೆರವಾಯಿತು. 1959ರ ಜುಲೈನಲ್ಲಿ ಸಂಶೋಧಕರು ರೋಗಕ್ಕೆ ಸಾವಯವ ಪಾದರಸವೇ ಕಾರಣವೆಂದು ಪ್ರಕಟಿಸಿದರು.

ಅಪಾರವಾದ ನೀರಿನಲ್ಲಿ ಬೆರೆತ ಅಲ್ಪ ಪಾದರಸವು ಮನುಷ್ಯನನ್ನು ಕೊಲ್ಲುವಷ್ಟು ಪ್ರಬಲವಾದುದು ಹೇಗೆ? ಕಾರ್ಖಾನೆಯ ಕ್ರಿಯೆಯಲ್ಲಿ ಪಾದರಸದ ಒಂದು ಭಾಗವು ಮೀಥೈಲ್ ಪಾದರಸವಾಗಿ ಮಾರ್ಪಡುತ್ತಿತ್ತು. ಇದು ಜೀವಿಗಳ ದೇಹದೊಳಕ್ಕೆ ಸುಲಭವಾಗಿ ಸೇರುತ್ತದೆ. ಹೊರಹೋಗುವುದು ಬಲು ನಿಧಾನ. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು ಅದನ್ನು ಕಣಕಣವಾಗಿ ಹೀರಿಕೊಳ್ಳುತ್ತವೆ. ಅಂತಹ ಅಸಂಖ್ಯಾತ ಜೀವಿಗಳನ್ನು ಒಂದು ಸಣ್ಣ ಮೀನು ತಿನ್ನುತ್ತದೆ; ಅನೇಕ ಸಣ್ಣ ಮೀನುಗಳನ್ನು ಒಂದು ದೊಡ್ಡ ಮೀನು ನುಂಗುತ್ತದೆ. ಹನಿಹನಿಗೂಡಿ ಹಳ್ಳವಾಗುವಂತೆ, ಆಹಾರ ಸರಪಳಿಯ ಒಂದೊಂದು ಕೊಂಡಿಯಲ್ಲಿಯೂ ವಿಷವು ಸಾಂದ್ರವಾಗುತ್ತ ಹೋಗುತ್ತದೆ. ಕೊನೆಯ ಕೊಂಡಿಯಲ್ಲಿರುವ ದೊಡ್ಡ ಮೀನಿನ ಮಾಂಸದಲ್ಲಿ ಅದರ ಪ್ರಮಾಣವು ನೀರಿನಲ್ಲಿರುವುದಕ್ಕಿಂತ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಪಟ್ಟು ಅಧಿಕವಾಗಿರಬಹುದು. ಮೀನನ್ನು ತೊಳೆದರೂ ಬೇಯಿಸಿದರೂ ಅದು ಹೋಗದು. ನಾಲಗೆಗೆ ರುಚಿ ಬೇರೆಯೆನಿಸದು; ಮೂಗಿಗೆ ವಾಸನೆ ತಿಳಿಯದು.

ಮನುಷ್ಯನ ಉದರವನ್ನು ಸೇರಿದ ಮೀಥೈಲ್ ಪಾದರಸವು ರಕ್ತದಲ್ಲಿ ಬೆರೆತು ಮಿದುಳನ್ನು ತಲುಪುತ್ತದೆ. ರಕ್ತದಲ್ಲಿರುವ ಅನೇಕ ವಿಷಗಳು ಮಿದುಳನ್ನು ಹೊಗದಂತೆ ತಡೆಯುವ ಸಹಜವಾದ ರಕ್ಷಣೆ ದೇಹದಲ್ಲಿದೆ. ಮೀಥೈಲ್ ಪಾದರಸವು ದೇಹಕ್ಕೆ ಬೇಕಾದ ಪೋಷಕಾಂಶದ ವೇಷ ತೊಟ್ಟಂತೆ ಆ ಕಾವಲನ್ನು ದಾಟಿಬಿಡುತ್ತದೆ. ಸಮತೋಲವನ್ನು ಕಾಪಾಡುವ ಭಾಗ ಕೆಟ್ಟರೆ ನಡಿಗೆ ತಪ್ಪುತ್ತದೆ, ದೃಷ್ಟಿಯ ಭಾಗ ಕೆಟ್ಟರೆ ನೋಟದ ಹರವು ಕುಗ್ಗುತ್ತದೆ, ಕೈಕಾಲುಗಳು ಜೋಮುಗಟ್ಟುತ್ತವೆ. ನಾಶವಾದ ನರಕೋಶಗಳು ಮತ್ತೆ ಹುಟ್ಟುವುದಿಲ್ಲ.

ಇದಕ್ಕಿಂತಲೂ ದಾರುಣವಾದ ಸಂಗತಿಯೊಂದು ಮುಂದೆ ಬೆಳಕಿಗೆ ಬಂದಿತು. ಆ ವರ್ಷಗಳಲ್ಲಿ ಜನಿಸಿದ ಕೆಲವು ಶಿಶುಗಳಿಗೆ ಕತ್ತು ನಿಲ್ಲಲಿಲ್ಲ, ಮಾತು ಬರಲಿಲ್ಲ. ಅವು ಮೀನನ್ನೇ ತಿಂದಿರಲಿಲ್ಲ. ತಾಯಂದಿರಲ್ಲಿಯೂ ರೋಗದ ಲಕ್ಷಣಗಳು ಇರಲಿಲ್ಲ, ಇಲ್ಲವೇ ಅತ್ಯಲ್ಪವಾಗಿದ್ದವು. ತಾಯಿಯ ದೇಹದ ವಿಷದಿಂದ ಗರ್ಭದ ಶಿಶುವನ್ನು ಜರಾಯುವು ಕಾಪಾಡುತ್ತದೆಂದು ಅಂದಿನ ವೈದ್ಯರು ನಂಬಿದ್ದರು. ಡಾ. ಮಸಜುಮಿ ಹರದಾ ಮುಂತಾದವರು ಮನೆಮನೆಗೆ ಹೋಗಿ ಈ ಮಕ್ಕಳನ್ನು ಪರೀಕ್ಷಿಸಿ, ಆ ನಂಬಿಕೆಯು ಸರಿಯಲ್ಲವೆಂದು ತೋರಿಸಿದರು. ತಾಯಿಯ ವಿಷವು ಗರ್ಭಸ್ಥ ಶಿಶುವಿಗೆ ಹರಿದುಹೋಗಿತ್ತು. ಮಗುವಿನ ಹೊಕ್ಕುಳ ಬಳ್ಳಿಯನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ನೆನಪಿಗಾಗಿ ಇರಿಸಿಕೊಳ್ಳುವ ಪದ್ಧತಿ ಜಪಾನಿನಲ್ಲಿದೆ. ತಾಯಂದಿರು ಅಕ್ಕರೆಯಿಂದ ಕಾಪಾಡಿದ್ದ ಆ ಬಳ್ಳಿಗಳೇ ಮುಂದೆ ವಿಷಕ್ಕೆ ಸಾಕ್ಷಿ ನುಡಿದವು. ಅವುಗಳಲ್ಲಿ ಮೀಥೈಲ್ ಪಾದರಸ ದೊರೆಯಿತು.

ಕಾರಣವು ತಿಳಿದೊಡನೆ ಅನಾಹುತವು ನಿಲ್ಲಬೇಕಾಗಿತ್ತು. ಹಾಗಾಗಲಿಲ್ಲ. ಕೊಲ್ಲಿಯ ಮೀನೆಲ್ಲವೂ ವಿಷಪೂರಿತವೆಂಬುದಕ್ಕೆ ಸ್ಪಷ್ಟವಾದ ಆಧಾರವಿಲ್ಲವೆಂದು 1957ರಲ್ಲಿ ಸರ್ಕಾರವು ಕಾನೂನಿನ ನಿಷೇಧವನ್ನು ಹೇರಲಿಲ್ಲ. 1958ರಲ್ಲಿ ಕಾರ್ಖಾನೆಯು ಕೊಳಕು ನೀರನ್ನು ನದಿಯ ಮುಖಕ್ಕೆ ತಿರುಗಿಸಿತು. ರೋಗವು ಹೊಸ ಊರುಗಳಿಗೆ ಹಬ್ಬಿತು. 1959ರ ಅಕ್ಟೋಬರ್‌ನಲ್ಲಿ ಡಾ. ಹೊಸೊಕವಾ ಅವರು ಕಾರ್ಖಾನೆಯ ನೀರನ್ನೇ ಆಹಾರದಲ್ಲಿ ಬೆರೆಸಿ ಕೊಟ್ಟಾಗ, 400ನೆಯ ಸಂಖ್ಯೆಯ ಬೆಕ್ಕಿಗೆ ಅದೇ ರೋಗ ತಗಲಿತು. ಆಡಳಿತ ವರ್ಗವು ಪ್ರಯೋಗವನ್ನು ನಿಲ್ಲಿಸಿತು; ಫಲಿತಾಂಶವನ್ನು ಹೊರಗೆಡಹಲಿಲ್ಲ. 1965ರಲ್ಲಿ ನೀಗಾಟಾ ಪ್ರಾಂತ್ಯದ ಅಗಾನೊ ನದಿಯ ತೀರದಲ್ಲಿ, ಅಲ್ಲಿನ ಮತ್ತೊಂದು ಕಾರ್ಖಾನೆಯಿಂದ ಇದೇ ರೋಗವು ತಲೆದೋರಿತು. ಚಿಸ್ಸೊ ಕಾರ್ಖಾನೆಯಲ್ಲಿ ಅಸೆಟಾಲ್ಡಿಹೈಡ್ ತಯಾರಿಕೆ ನಿಂತುದು 1968ರ ಮೇ ತಿಂಗಳಲ್ಲಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸರ್ಕಾರವು ಕಾರ್ಖಾನೆಯ ವಿಷವೇ ರೋಗದ ಮೂಲವೆಂದು ಒಪ್ಪಿಕೊಂಡಿತು. ಮೊದಲ ವರದಿಯಿಂದ ಅಲ್ಲಿಗೆ ಹನ್ನೆರಡು ವರ್ಷಗಳು ಕಳೆದಿದ್ದವು. 1970ರಲ್ಲಿ ಡಾ. ಹೊಸೊಕವಾ ಅವರು ಸಾವಿಗೆ ಕೆಲವೇ ತಿಂಗಳ ಮುನ್ನ, ಹಾಸಿಗೆಯಲ್ಲಿ ಮಲಗಿದ್ದಾಗಲೇ ಬೆಕ್ಕಿನ ಪ್ರಯೋಗದ ಬಗೆಗೆ ಸಾಕ್ಷ್ಯ ನುಡಿದರು. 1973ರ ಮಾರ್ಚ್‌ನಲ್ಲಿ ಕುಮಮೋಟೊ ನ್ಯಾಯಾಲಯವು ಸಂಸ್ಥೆಯನ್ನು ಹೊಣೆಗಾರನನ್ನಾಗಿ ಮಾಡಿ ಪರಿಹಾರ ವಿಧಿಸಿತು.

ಮಾಡಿದ್ದುಣ್ಣೋ ಮಹಾರಾಯ ಎಂಬುದು ಗಾದೆ. ಮಿನಮಾಟಾದಲ್ಲಿ ಮಾಡಿದವರೊಬ್ಬರು, ಉಂಡವರು ಮತ್ತೊಬ್ಬರು. ಆ ಪ್ರದೇಶದಲ್ಲಿ 2,200ಕ್ಕೂ ಹೆಚ್ಚು ಜನರನ್ನು ಅಧಿಕೃತವಾಗಿ ರೋಗಿಗಳೆಂದು ಗುರುತಿಸಲಾಗಿದೆ. ಮನ್ನಣೆಗಾಗಿ ದೀರ್ಘಕಾಲ ಹೋರಾಡಿದವರು ಇನ್ನೂ ಸಾವಿರಾರು ಮಂದಿ. ಕೊಲ್ಲಿಯ ತಳದ ವಿಷದ ಕೆಸರನ್ನು 1977ರಿಂದ 1990ರವರೆಗೆ ಎತ್ತಿ ಹೂಳಿದರು. ಆ ಕೆಸರಿನ ಮೇಲೆ ಸುಮಾರು 58 ಹೆಕ್ಟೇರ್ ನೆಲ ನಿರ್ಮಾಣವಾಯಿತು. ಕೊಲ್ಲಿಯ ಮೀನು ತಿನ್ನಲು ಯೋಗ್ಯವೆಂದು ಘೋಷಿಸಿದ್ದು 1997ರಲ್ಲಿ. ಪಾದರಸದ ಬಳಕೆಯನ್ನು ನಿಯಂತ್ರಿಸಲು 2013ರಲ್ಲಿ ಜಗತ್ತಿನ ರಾಷ್ಟ್ರಗಳು ಮಾಡಿಕೊಂಡ ಒಪ್ಪಂದಕ್ಕೆ ಮಿನಮಾಟಾ ಒಪ್ಪಂದವೆಂದೇ ಹೆಸರಿಟ್ಟರು. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು.

ಪಾದರಸದ ಕಥೆ ಪಾದರಸದೊಂದಿಗೆ ಮುಗಿಯುವುದಿಲ್ಲ. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸವು ವಾಹನಗಳ ಹೊಗೆಯ ಮೂಲಕ ಮಕ್ಕಳ ಮಿದುಳಿನ ಬೆಳವಣಿಗೆಗೆ ದಶಕಗಳ ಕಾಲ ಧಕ್ಕೆ ತಂದಿತು; ಅಂಥ ಪೆಟ್ರೋಲಿನ ಮಾರಾಟವು ಭಾರತದಲ್ಲಿ ಕೊನೆಗೊಂಡುದು 2000ದಲ್ಲಿ. ವಿಜ್ಞಾನವು ನೀಡುವ ಅನುಕೂಲಗಳನ್ನು ಬಿಟ್ಟು ಬದುಕುವುದು ಇಂದು ಸಾಧ್ಯವಿಲ್ಲ. ಆದರೆ ಹೊಸ ವಸ್ತುವೊಂದನ್ನು ತಯಾರಿಸುವಾಗ ಅದರ ಕೊಳೆಯು ಎಲ್ಲಿಗೆ ಹೋಗುತ್ತದೆ, ಯಾರ ಬಟ್ಟಲಿಗೆ ಮರಳುತ್ತದೆ ಎಂಬ ಪ್ರಶ್ನೆಯನ್ನು ಮೊದಲೇ ಕೇಳಬೇಕು. ಬೆಕ್ಕು ತೂರಾಡಿದಾಗ, ಕಾಗೆ ನೆಲಕ್ಕೆ ಬಿದ್ದಾಗ, ಬಡ ಬೆಸ್ತನ ಮಗು ತೊದಲಿದಾಗ ಅದನ್ನು ಎಚ್ಚರಿಕೆಯೆಂದು ತಿಳಿಯಬೇಕು. ನಿಸರ್ಗವು ಯಾವುದನ್ನೂ ಮರೆಯುವುದಿಲ್ಲ. ತನಗೆ ಕೊಟ್ಟದ್ದನ್ನು ಅದು ಒಂದಲ್ಲ ಒಂದು ದಿನ ಹಿಂದಿರುಗಿಸಿಯೇ ತೀರುತ್ತದೆ.