‘ವಯಸ್ಸಾಯ್ತು’ ಎಂದು ಸುಮ್ಮನಿರಬೇಡಿ, ಒಂದೊಂದೇ ಕಣ್ಣು ಪರೀಕ್ಷಿಸಿ!

ಅತ್ತೆಯವರು ಅಕ್ಕಿ ಆರಿಸಿಕೊಟ್ಟರೂ ಅನ್ನದಲ್ಲಿ ಕಲ್ಲು ಸಿಗುತ್ತಿದೆಯೇ? ದೇವಸ್ಥಾನದಲ್ಲಿ ಎದುರಿಗೆ ಬಂದ ಬೀಗರನ್ನು ಮಾತನಾಡಿಸದೆ ಬಂದು ‘ಎಷ್ಟು ಜಂಬ ನೋಡು’ ಅನ್ನಿಸಿಕೊಂಡರೇ? ಬಿಸಿಲಿನಿಂದ ಒಳಗೆ ಬಂದವರು ಬಹಳ ಹೊತ್ತು ಗೋಡೆ ಹಿಡಿದು ನಿಲ್ಲುತ್ತಾರೆಯೇ? ‘ವಯಸ್ಸಾಯ್ತಲ್ಲ, ಇನ್ನೇನು!’ ಎಂದು ನೀವೂ ಸುಮ್ಮನಾಗಬೇಡಿ, ಅವರನ್ನೂ ಗದರಿಸಬೇಡಿ. ತಪ್ಪು ಅವರದಲ್ಲ, ಕಣ್ಣಿನದಿರಬಹುದು.

ಹಿರಿಯರ ನೋಟ ಮಂಜಾದರೆ ನಮಗೆ ಮೊದಲು ನೆನಪಾಗುವುದು ಪೊರೆ. ಪೊರೆಯಾದರೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದುಬಿಡಬಹುದು. ಆದರೆ ಕಣ್ಣಿನ ಒಳಗೆ, ಹಿಂಬದಿಗೆ ಅಂಟಿಕೊಂಡಂತೆ ರೆಟಿನಾ ಎಂಬ ತೆಳು ಪದರವಿದೆ. ಅದರ ನಟ್ಟನಡುವೆ, ಸುಮಾರು 5 ಮಿಲಿಮೀಟರ್ ಅಗಲದ ಜಾಗವೇ ಮ್ಯಾಕುಲಾ. ಸೂಜಿಗೆ ದಾರ ಪೋಣಿಸುವುದು, ಓದುವುದು, ಮುಖ ಗುರುತಿಸುವುದು ಎಲ್ಲ ಇದರ ಕೆಲಸ. ಐವತ್ತು ದಾಟಿದ ಮೇಲೆ ಕೆಲವರಲ್ಲಿ ಇದು ಸವೆಯತೊಡಗುತ್ತದೆ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ನೋಟದ ನಡುಭಾಗ ಮಾತ್ರ ಮಸುಕಾಗುತ್ತ ಹೋಗುತ್ತದೆ, ಸುತ್ತಲಿನದು ಕಾಣುತ್ತಲೇ ಇರುತ್ತದೆ. ಹಾಗಾಗಿ ಅವರು ಮನೆಯಲ್ಲಿ ಎಡವದೆ ಓಡಾಡುತ್ತಾರೆ, ಎದುರಿಗಿರುವ ಮುಖ ಮಾತ್ರ ತಿಳಿಯುವುದಿಲ್ಲ. ಪಾಪ, ನೋಡಿದವರಿಗೆ ಇದು ನಾಟಕದಂತೆ ತೋರುತ್ತದೆ!

ಇನ್ನೊಂದು ತೊಂದರೆಯೂ ಇದೆ. ಒಂದು ಕಣ್ಣು ಕೆಟ್ಟರೂ ಎರಡನೆಯದು ಅದರ ಕೆಲಸವನ್ನೂ ಮಾಡಿಬಿಡುತ್ತದೆ. ಎರಡೂ ಕಣ್ಣು ತೆರೆದು ನೋಡುವವರಿಗೆ ಕುಂದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಒಂದೊಂದೇ ಕಣ್ಣನ್ನು ಪರೀಕ್ಷಿಸಬೇಕು.

ಮನೆಯಲ್ಲೇ ಚೌಕದ ಪರೀಕ್ಷೆ

ಸ್ವಿಟ್ಜರ್ಲೆಂಡಿನ ಕಣ್ಣಿನ ವೈದ್ಯ ಮಾರ್ಕ್ ಆಮ್ಸ್ಲರ್ 1940ರ ದಶಕದಲ್ಲಿ ಬಳಕೆಗೆ ತಂದ ಸುಲಭ ಪರೀಕ್ಷೆ ಇದು. ಬಿಳಿ ಹಾಳೆಯ ಮೇಲೆ 10 ಸೆಂಟಿಮೀಟರ್ ಉದ್ದಗಲದ ಚೌಕ ಬರೆಯಿರಿ. ಅದರೊಳಗೆ ಅಡ್ಡಕ್ಕೂ ಉದ್ದಕ್ಕೂ 5 ಮಿಲಿಮೀಟರಿಗೊಂದು ಗೆರೆ ಎಳೆಯಿರಿ. 400 ಪುಟ್ಟ ಮನೆಗಳಾಗುತ್ತವೆ. ಸರಿಯಾಗಿ ನಡುವೆ ಒಂದು ದಪ್ಪ ಚುಕ್ಕೆ ಇಡಿ. ರಂಗೋಲಿ ಹಾಕುವ ಕೈಗೆ ಇದೇನು ಕಷ್ಟ!

ಒಳ್ಳೆಯ ಬೆಳಕಿನಲ್ಲಿ, ಓದುವ ಕನ್ನಡಕ ಹಾಕಿಸಿ, ಹಾಳೆಯನ್ನು ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಡಿಯಿರಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಚುಕ್ಕೆಯನ್ನೇ ನೋಡುವಂತೆ ಹೇಳಿ. ನಾಲ್ಕು ಮೂಲೆಗಳೂ ಕಾಣುತ್ತವೆಯೇ? ಗೆರೆಗಳು ಎಲ್ಲಾದರೂ ಡೊಂಕಾಗಿ, ತುಂಡಾಗಿ ಕಾಣುತ್ತವೆಯೇ? ಎಲ್ಲಾದರೂ ಮಸುಕೋ ಖಾಲಿಯೋ ಇದೆಯೇ? ಆಮೇಲೆ ಇನ್ನೊಂದು ಕಣ್ಣು. ನಿಮಗೂ ಐವತ್ತು ದಾಟಿದ್ದರೆ ನೀವೂ ನೋಡಿಕೊಳ್ಳಿ. ಗೆರೆ ಹೊಸದಾಗಿ ಡೊಂಕಾಗಿ ಕಂಡರೆ ‘ಹಬ್ಬ ಮುಗಿಯಲಿ’ ಎನ್ನದೆ ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಗೆರೆಗಳೆಲ್ಲ ನೆಟ್ಟಗೇ ಕಂಡರೂ ವೈದ್ಯರ ತಪಾಸಣೆ ತಪ್ಪಿಸಬೇಡಿ. ಈ ಚೌಕ ಎಲ್ಲವನ್ನೂ ಹಿಡಿಯಲಾರದು.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವುದು ಒಂದು ಅಳತೆ ಮಾತ್ರ. ಒಳ್ಳೆಯ ಬೆಳಕಿನಲ್ಲಿ ಕೊನೆಯ ಸಾಲನ್ನು ಓದಿದವರೂ ಮಬ್ಬು ಬೆಳಕಿನಲ್ಲಿ ತಡವರಿಸಬಹುದು. ಯಾಕೆಂದರೆ ಮಂದ ಬೆಳಕಿಗೆಂದೇ ರೆಟಿನಾದಲ್ಲಿ ಬೇರೆ ಕೋಶಗಳಿವೆ, ವಯಸ್ಸಾದಂತೆ ಮೊದಲು ಸೊರಗುವುದು ಅವೇ. ಪ್ರಖರ ಬೆಳಕು ತೋರಿಸಿ, ಆಮೇಲೆ ಕತ್ತಲಲ್ಲಿ ಸಣ್ಣ ಬೆಳಕು ಕಾಣಲು ಎಷ್ಟು ಹೊತ್ತು ಬೇಕಾಯಿತೆಂದು ಅಳೆಯುವ ಪರೀಕ್ಷೆಯೂ ಇದೆ. ಆದರೆ ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕೇ ‘ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ತಡವಾಗುತ್ತೆ’ ಎಂಬುದನ್ನು ನೀವೇ ವೈದ್ಯರಿಗೆ ಹೇಳಬೇಕು.

ಡ್ರಾಪ್ಸ್ ಹಾಕಿ ಪಾಪೆಯನ್ನು ಹಿಗ್ಗಿಸಿ ಕಣ್ಣಿನ ಒಳಭಾಗವನ್ನು ನೋಡುತ್ತಾರೆ. ಕೆಲವು ಗಂಟೆ ನೋಟ ಮಂಜಾಗಿರುವುದರಿಂದ ಜೊತೆಗೊಬ್ಬರಿರಲಿ. ಓಸಿಟಿ ಎಂಬ ಯಂತ್ರ ಬೆಳಕಿನಿಂದಲೇ ರೆಟಿನಾದ ಪದರಗಳ ಚಿತ್ರ ತೆಗೆಯುತ್ತದೆ. ಸೂಜಿಯಿಲ್ಲ, ನೋವಿಲ್ಲ. ಬೇಕೆನಿಸಿದರೆ ಇಆರ್‌ಜಿ ಮಾಡುತ್ತಾರೆ. ಹೃದಯಕ್ಕೆ ಇಸಿಜಿ ಇದ್ದಂತೆ ರೆಟಿನಾಕ್ಕೆ ಇದು. ಬೆಳಕು ಮಿಂಚಿಸಿದಾಗ ಅಲ್ಲಿ ಹುಟ್ಟುವ ವಿದ್ಯುತ್ತನ್ನು ಅಳೆಯುತ್ತದೆ.

ಉಪಾಯವಿದೆಯೇ?

ಈ ಕಾಯಿಲೆಯಲ್ಲಿ ‘ಒಣ’, ‘ಒದ್ದೆ’ ಎಂದು ಎರಡು ಬಗೆ. ಹೆಚ್ಚಿನವರಿಗೆ ಬರುವುದು ಒಣ ಬಗೆ. ಇದು ನಿಧಾನವಾಗಿ ಬೆಳೆಯುತ್ತದೆ. ಒದ್ದೆ ಬಗೆಯಲ್ಲಿ ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತವೆ, ಕೆಲವೇ ವಾರಗಳಲ್ಲಿ ನೋಟ ಹಾಳಾಗಬಹುದು. ಸುಮಾರು 2006ರಿಂದ ಇದಕ್ಕೆ ಕಣ್ಣಿನೊಳಗೆ ಕೊಡುವ ಒಳ್ಳೆಯ ಇಂಜೆಕ್ಷನ್‌ಗಳು ಬಂದಿವೆ. ಮರಗಟ್ಟಿಸುವ ಡ್ರಾಪ್ಸ್ ಹಾಕಿಯೇ ಕೊಡುತ್ತಾರೆ, ಹೆದರಬೇಡಿ. ಬೇಗ ಹೋದಷ್ಟೂ ಹೆಚ್ಚು ನೋಟ ಉಳಿಯುತ್ತದೆ.

ಬೀಡಿ-ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಯಜಮಾನರಿಗೂ ಒಂದು ಮಾತು ಹೇಳಿ! ವಾರದಲ್ಲಿ ಹಲವು ದಿನ ಪಾಲಕ್, ನುಗ್ಗೆ, ದಂಟಿನ ಸೊಪ್ಪು ಅಡಿಗೆಯಲ್ಲಿರಲಿ. ವಿಟಮಿನ್ ಮಾತ್ರೆಗಳು ಎಲ್ಲರಿಗೂ ಅಲ್ಲ. ಕಾಯಿಲೆ ಮಧ್ಯಮ ಹಂತಕ್ಕೆ ಬಂದವರಲ್ಲಿ ಕೆಲವು ವಿಟಮಿನ್ ಮತ್ತು ಸತು ಸೇರಿದ ಮಾತ್ರೆಗಳು ಅದು ಉಲ್ಬಣಿಸುವ ಅಪಾಯವನ್ನು 5 ವರ್ಷಗಳಲ್ಲಿ ಸುಮಾರು ಕಾಲುಭಾಗ ತಗ್ಗಿಸಿದವೆಂದು 2001ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ವೈದ್ಯರು ಹೇಳದೆ ಕೊಡಬೇಡಿ.

ಈ ಭಾನುವಾರ ಅಡಿಗೆ ಮುಗಿದ ಮೇಲೆ ಒಂದು ಹಾಳೆ, ಅಳತೆಪಟ್ಟಿ ತೆಗೆದುಕೊಂಡು ಅತ್ತೆಯವರ ಪಕ್ಕ ಕುಳಿತುಕೊಳ್ಳಿ. ಹತ್ತು ನಿಮಿಷದ ಕೆಲಸ. ಮೊಮ್ಮಕ್ಕಳ ಮುಖ ಅವರಿಗೆ ಇನ್ನೂ ಬಹಳ ಕಾಲ ಕಾಣಬೇಡವೇ?