ಬೆಂಕಿಗಲ್ಲ, ಹಳ್ಳಕ್ಕೆ ಹೆದರಿ

ಅಕ್ಕ ಎಂ.ಎಸ್. ಓದಲು ಹವಾಯಿಯ ಹೊನೊಲುಲುಗೆ ಹೋದಾಗಿನಿಂದ ಅಮ್ಮನಿಗೆ ಜ್ವಾಲಾಮುಖಿಯದೇ ಚಿಂತೆ. ಆದರೆ ಆಗಾಗ ಲಾವಾ ಉಗುಳುವ ಕಿಲವೆಯಾ ಇರುವುದು ಬೇರೆಯೇ ದ್ವೀಪದಲ್ಲಿ. ವಿಜ್ಞಾನಿಗಳು ಅದರ ಮೇಲೆ ಹಗಲಿರುಳು ಕಣ್ಣಿಟ್ಟಿರುತ್ತಾರೆ, ಅಪಾಯವಿದ್ದರೆ ದಾರಿ ಮುಚ್ಚಲಾಗುತ್ತದೆ. ವಾರಾಂತ್ಯದಲ್ಲಿ ಚಾರಣಕ್ಕೆ ಹೋಗುವ ಅಕ್ಕನಿಗೆ ನಾನು ಹೇಳುವುದು ಒಂದೇ: ಬೆಂಕಿಗಲ್ಲ, ಹಳ್ಳಕ್ಕೆ ಹೆದರು.

ಇದಕ್ಕೆ ಕಾರಣ ಸಿವಿಲ್ ಎಂಜಿನಿಯರಿಂಗ್ ಓದುವ ನಮ್ಮ ಹೈಡ್ರಾಲಜಿ ಪಾಠದಲ್ಲೇ ಇದೆ. ಜಲಾನಯನ ಪ್ರದೇಶದ ತುತ್ತತುದಿಯಲ್ಲಿ ಬಿದ್ದ ಮಳೆನೀರು ಕೆಳಗೆ ತಲುಪಲು ಹಿಡಿಯುವ ಅವಧಿಯನ್ನು ‘ಟೈಮ್ ಆಫ್ ಕಾನ್ಸಂಟ್ರೇಶನ್’ ಎನ್ನುತ್ತಾರೆ. ಕೃಷ್ಣೆಯಂಥ ನದಿಗೆ ಅದು ದಿನಗಳ ಲೆಕ್ಕ. ಹವಾಯಿಯ ಕಣಿವೆಗಳು ಚಿಕ್ಕವು, ಬಲು ಕಡಿದು. ಅಲ್ಲಿ ನಿಮಿಷಗಳ ಲೆಕ್ಕ. ನೀವು ನಿಂತಲ್ಲಿ ಬಿಸಿಲಿದ್ದರೂ ಬೆಟ್ಟದ ತುದಿಯಲ್ಲಿ ಮಳೆ ಸುರಿಯುತ್ತಿರಬಹುದು.

2018ರ ಏಪ್ರಿಲ್‌ನಲ್ಲಿ ಅಲ್ಲಿನ ಕವಾಯಿ ದ್ವೀಪದ ಒಂದು ಕಡೆ 24 ಗಂಟೆಗಳಲ್ಲಿ 1,262 ಮಿ.ಮೀ. ಮಳೆಯಾಯಿತು. ಬೆಂಗಳೂರಿಗೆ ಇಡೀ ವರ್ಷದಲ್ಲೂ ಸರಾಸರಿ ಇಷ್ಟು ಮಳೆಯಿಲ್ಲ. ಅದೇ ದ್ವೀಪದ ಕಲಲೌ ಚಾರಣ ಮಾರ್ಗ ಸುಮಾರು 18 ಕಿ.ಮೀ. ಉದ್ದ. ಮೂರು ಕಿ.ಮೀ. ನಡೆಯುತ್ತಿದ್ದಂತೆ ಹನಕಾಪಿಯೈ ಹಳ್ಳ ಎದುರಾಗುತ್ತದೆ. 2014ರ ಏಪ್ರಿಲ್‌ನಲ್ಲಿ ಈ ಹಳ್ಳ ಉಕ್ಕಿ ನೂರಕ್ಕೂ ಹೆಚ್ಚು ಚಾರಣಿಗರು ಆಚೆ ದಡದಲ್ಲಿ ಸಿಕ್ಕಿಬಿದ್ದರು. ಅವರನ್ನು ಕರೆತರಲು ಹೆಲಿಕಾಪ್ಟರ್ ಬರಬೇಕಾಯಿತು.

ಮೊಣಕಾಲುದ್ದ ನೀರು ತಾನೇ ಎನ್ನಬೇಡಿ. ನೀರಿನ ವೇಗ ಎರಡು ಪಟ್ಟಾದರೆ ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ತಿಳಿನೀರು ಕೆಂಪಾದರೆ, ಎಲೆ ಕಡ್ಡಿ ತೇಲಿಬಂದರೆ, ಮೇಲಿನಿಂದ ಸದ್ದು ಹೆಚ್ಚಿದರೆ ತಕ್ಷಣ ಎತ್ತರದ ಜಾಗ ಸೇರಿ. ಬಂಡೆಯನ್ನು ಹಿಡಿದು ಹತ್ತುವ ಮುನ್ನವೂ ಯೋಚಿಸಿ; ಮಳೆಗೆ ಸವೆದ ಜ್ವಾಲಾಮುಖಿ ಕಲ್ಲು ಕೈಯಲ್ಲೇ ಕಳಚಿ ಬರುತ್ತದೆ. ಮೈಮೇಲೆ ಗಾಯವಿದ್ದರೆ ಹಳ್ಳಕ್ಕೆ ಇಳಿಯಬೇಡಿ. ನಮ್ಮಲ್ಲಿರುವ ಇಲಿಜ್ವರ ಅಲ್ಲೂ ಇದೆ.

ಸಮಾಧಾನದ ಸಂಗತಿಯೆಂದರೆ, ಬೇಗ ಏರಿದ ಇಂಥ ಹಳ್ಳ ಮಳೆ ನಿಂತ ಮೇಲೆ ಸಾಮಾನ್ಯವಾಗಿ ಬೇಗನೇ ಇಳಿಯುತ್ತದೆ. ಹಾಗಾಗಿ ಕಾಯುವುದೇ ಸರಿಯಾದ ಉಪಾಯ. ಹೆಚ್ಚುವರಿ ಊಟ, ಕುಡಿಯುವ ನೀರು, ಟಾರ್ಚ್, ರೇನ್‌ಕೋಟ್ ಬ್ಯಾಗಿನಲ್ಲಿದ್ದರೆ ಕಾಯಲು ಧೈರ್ಯ ಬರುತ್ತದೆ.

ಮಳೆಗಾಲದಲ್ಲಿ ಪಶ್ಚಿಮಘಟ್ಟ ಹತ್ತುವ ನಮಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಸೋಮವಾರ ಇಂಟರ್ನಲ್ಸ್ ಇದೆ, ಇಂಟರ್‌ವ್ಯೂ ಇದೆ ಎಂಬ ಅವಸರವೇ ಎಷ್ಟೋ ಸಲ ನಮ್ಮನ್ನು ನೀರಿಗಿಳಿಸುವುದು. ಹೊರಡುವಾಗ ಮನೆಯವರಿಗೆ ವಾಪಸ್ ಬರುವ ಹೊತ್ತು ಹೇಳಿ. ಹಳ್ಳ ಬಂದರೆ ಒಂದು ರಾತ್ರಿ ತಡವಾಗಬಹುದು ಎಂಬುದನ್ನೂ ಹೇಳಿಯೇ ಹೊರಡಿ.