ನೇಕಾರರ ಸಭೆ

ಮೊದಲ ಕುಟುಂಬಗಳು ಬಂದಿಳಿದದ್ದು 1683ರಲ್ಲಿ. ಮೊದಲ ಪ್ರಭುಭೋಜನ ನಡೆದದ್ದು 1708ರಲ್ಲಿ. ನಡುವೆ ಇಪ್ಪತ್ತೈದು ವರ್ಷ. ಅಷ್ಟೂ ಕಾಲ ರೊಟ್ಟಿಗಾಗಲೀ ದ್ರಾಕ್ಷಾರಸಕ್ಕಾಗಲೀ ಅಲ್ಲಿ ಬರವಿರಲಿಲ್ಲ. ಅವನ್ನು ಎತ್ತಿ ಕೊಡುವ ಅಧಿಕಾರ ಇರುವ ಹಿರಿಯನೊಬ್ಬ ಇರಲಿಲ್ಲ, ಅಷ್ಟೇ.

ಅಮೆರಿಕದ ಫಿಲಡೆಲ್ಫಿಯಾ ನಗರದ ಜರ್ಮನ್‌ಟೌನ್ ಬಡಾವಣೆಯಲ್ಲಿರುವ, ಮೆನೊನೈಟ್ ಎಂಬ ಕ್ರೈಸ್ತ ಪಂಥದ ಸಭೆಯ ಚರಿತ್ರೆ ಹೀಗೆ ಒಂದು ಕಾಯುವಿಕೆಯಿಂದ ಶುರುವಾಗುತ್ತದೆ. ಉತ್ತರ ಅಮೆರಿಕದ ಮೆನೊನೈಟರಿಗೆ ಇದು ತಾಯಿಬೇರು. ಜರ್ಮನ್‌ಟೌನ್ ಅವೆನ್ಯೂ ಎಂಬ ಗಿಜಿಗುಡುವ ರಸ್ತೆಯ ಬದಿಗೆ 1770ರಲ್ಲಿ ಕಟ್ಟಿದ ಕಲ್ಲಿನ ಪ್ರಾರ್ಥನಾ ಮಂದಿರ ಇನ್ನೂ ನಿಂತಿದೆ. ಗೋಪುರವಿಲ್ಲ, ಬಣ್ಣದ ಗಾಜಿಲ್ಲ. ಗೊತ್ತಿಲ್ಲದವರು ಯಾರದೋ ಹಳೆಯ ಮನೆ ಎಂದುಕೊಂಡು ಮುಂದೆ ಹೋಗಿಬಿಡಬಹುದು. ಹಾಗೆ ಅಂದುಕೊಂಡರೆ ಕಟ್ಟಿದವರಿಗೆ ಬೇಸರವೇನೂ ಆಗುತ್ತಿರಲಿಲ್ಲ. ಸಭೆ ಎಂದರೆ ಸೇರಿದ ಜನ, ಕಟ್ಟಡವಲ್ಲ ಎಂಬುದೇ ಅವರ ನಂಬಿಕೆ.

ಮಿಷನ್ ಎಂದೊಡನೆ ನಮಗೆ ಬಾಸೆಲ್ ಮಿಷನ್ನು, ಮಂಗಳೂರಿನ ಹೆಂಚು, ಕಿಟೆಲರ ನಿಘಂಟು ನೆನಪಾಗುತ್ತವೆ. ಮೆನೊನೈಟರ ಹೆಸರು ಕನ್ನಡದ ಕಿವಿಗೆ ಅಷ್ಟು ಪರಿಚಿತವಲ್ಲ. ಆದರೆ ರಾಯಚೂರಿನ ಗಡಿ ದಾಟಿ ತೆಲಂಗಾಣದ ಮೆಹಬೂಬ್‌ನಗರದ ಕಡೆ ಹೋದರೆ ಮೆನೊನೈಟ್ ಬ್ರದರೆನ್ ಎಂಬ ಫಲಕಗಳು ಸಿಗುತ್ತವೆ. ಅದು ಇದೇ ಮರದ ಇನ್ನೊಂದು ಕೊಂಬೆ.

ಬೇರು ಇರುವುದು ಸ್ವಿಟ್ಸರ್ಲೆಂಡಿನಲ್ಲಿ. 1525ರ ಜನವರಿಯಲ್ಲಿ ಜ್ಯೂರಿಕ್‌ನ ಒಂದು ಮನೆಯಲ್ಲಿ ಕೆಲವರು ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷಾಸ್ನಾನ ಕೊಟ್ಟುಕೊಂಡರು. ತೊಟ್ಟಿಲ ಮಗುವಿಗೆ ಕೊಟ್ಟ ಸ್ನಾನ ಲೆಕ್ಕಕ್ಕಿಲ್ಲ, ತಿಳಿವಳಿಕೆ ಬಂದ ಮೇಲೆ ತಾನಾಗಿ ಒಪ್ಪಿ ಪಡೆದದ್ದೇ ದೀಕ್ಷೆ ಎಂಬುದು ಅವರ ವಾದ. ಇವತ್ತು ಇದು ಸಣ್ಣ ತಕರಾರಿನಂತೆ ಕಾಣುತ್ತದೆ. ಆಗ ಹಾಗಿರಲಿಲ್ಲ. ಹುಟ್ಟಿದ ಮಗುವಿನ ಸ್ನಾನವೇ ಊರಿನ ದಫ್ತರು; ಅದನ್ನು ನಿರಾಕರಿಸಿದವನು ಚರ್ಚನ್ನೂ ಸರ್ಕಾರವನ್ನೂ ಒಟ್ಟಿಗೆ ನಿರಾಕರಿಸಿದಂತೆ. ಎರಡು ವರ್ಷ ಕಳೆಯುವುದರೊಳಗೆ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ನೀರಿನ ತಪ್ಪಿಗೆ ನೀರಿನದೇ ಶಿಕ್ಷೆ. 1536ರಲ್ಲಿ ಡಚ್ ನಾಡಿನ ಪಾದ್ರಿ ಮೆನ್ನೊ ಸೈಮನ್ಸ್ ತನ್ನ ಹುದ್ದೆ ಬಿಟ್ಟು ಈ ಚದುರಿದ ಜನರನ್ನು ಕೂಡಿಸಿದ. ಪಂಥಕ್ಕೆ ಅವನ ಹೆಸರೇ ಉಳಿಯಿತು. ಕತ್ತಿ ಹಿಡಿಯಬಾರದು, ಆಣೆ ಇಡಬಾರದು ಎಂಬುದು ಅವರ ನಿಯಮ.

ರೈನ್ ನದಿಯ ಹತ್ತಿರದ ಕ್ರೇಫೆಲ್ಡ್ ಪಟ್ಟಣ ಇಂಥವರಿಗೆ ನೆರಳು ಕೊಟ್ಟಿತ್ತು. ಅವರಲ್ಲಿ ಬಹಳ ಮಂದಿ ಲಿನನ್ ನೇಯುವವರು. ಕ್ವೇಕರ್ ಎಂಬ ಇನ್ನೊಂದು ಕ್ರೈಸ್ತ ಪಂಥಕ್ಕೆ ಸೇರಿದ ಇಂಗ್ಲಿಷಿನವನು ವಿಲಿಯಂ ಪೆನ್ ತನ್ನ ಹೊಸ ವಸಾಹತು ಪೆನ್ಸಿಲ್ವೇನಿಯಾದಲ್ಲಿ ಯಾರೂ ಯಾರ ನಂಬಿಕೆಗೂ ಅಡ್ಡಿ ಬರುವುದಿಲ್ಲ ಎಂದು ಸಾರಿದಾಗ, ಕ್ರೇಫೆಲ್ಡ್‌ನಿಂದ 13 ಕುಟುಂಬಗಳು ಮಗ್ಗದ ಬದುಕು ಕಟ್ಟಿಕೊಂಡು ‘ಕಾನ್‌ಕಾರ್ಡ್’ ಹಡಗು ಹತ್ತಿದವು. 1683ರ ಅಕ್ಟೋಬರ್ 6ರಂದು ಫಿಲಡೆಲ್ಫಿಯಾದಲ್ಲಿ ಇಳಿದವು. ಅವರಿಗಿಂತ ಮುಂಚೆ ಬಂದಿದ್ದ ವಕೀಲ ಫ್ರಾನ್ಸ್ ಡ್ಯಾನಿಯಲ್ ಪಾಸ್ಟೋರಿಯಸ್ ಅವರು ನೆಲೆಸಿದ ಜರ್ಮನ್‌ಟೌನ್ ಊರಿನ ಮುದ್ರೆಗೆ ಆರಿಸಿದ್ದು ಮೂರು ಗುರುತು: ದ್ರಾಕ್ಷಿಬಳ್ಳಿ, ಅಗಸೆ ಗಿಡ, ನೇಕಾರನ ನೂಲಿನುರುಳೆ. ಊರಿನ ಹೊಟ್ಟೆಪಾಡು ಅದರಲ್ಲೇ ಇತ್ತು.

ಇಲ್ಲೊಂದು ತೊಡಕಿದೆ. ಈ 13 ಕುಟುಂಬಗಳನ್ನು ‘ಮೊದಲ ಮೆನೊನೈಟರು’ ಎಂದು ಕರೆಯುವುದು ವಾಡಿಕೆ. ನಿಜಕ್ಕೂ ಅವರಲ್ಲಿ ಹೆಚ್ಚಿನವರು ಹುಟ್ಟಿನಿಂದ ಮೆನೊನೈಟ್ ಬಳಗದವರಾದರೂ ಹೊರಡುವ ಹೊತ್ತಿಗೆ ಕ್ವೇಕರ್ ಪಂಥ ಸೇರಿದ್ದರು. ಮೆನೊನೈಟನಾಗಿಯೇ ಉಳಿದಿದ್ದವನು ಯಾನ್ ಲೆನ್ಸನ್. ಎರಡೂ ಪಂಥಕ್ಕೆ ಯುದ್ಧ ಬೇಡ, ಆಣೆ ಬೇಡ, ಆಡಂಬರ ಬೇಡ. ಹಾಗಾಗಿ ಮೊದಮೊದಲು ಒಂದೇ ಸೂರಿನಡಿ ಕೂತು ಪ್ರಾರ್ಥಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಹಳೆಯ ಮಂದಿರದಲ್ಲಿ ಇಟ್ಟಿರುವ ಒಂದು ಮರದ ಮೇಜಿನ ಕಥೆಯೂ ಈ ಬೆರಕೆಯದೇ. 1688ರ ಏಪ್ರಿಲ್ 18ರಂದು ತೋನೆಸ್ ಕುಂಡರ್ಸ್ ಎಂಬವನ ಮನೆಯಲ್ಲಿ ನಾಲ್ವರು ಒಂದು ಕಾಗದಕ್ಕೆ ರುಜು ಹಾಕಿದರು. ಗ್ಯಾರಿಟ್ ಹೆಂಡ್ರಿಕ್ಸ್, ಪಾಸ್ಟೋರಿಯಸ್, ಆಪ್ ಡೆನ್ ಗ್ರಾಫ್ ಸಹೋದರರಾದ ಡೆರಿಕ್ ಮತ್ತು ಅಬ್ರಹಾಂ. ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ಗುಲಾಮಗಿರಿಯ ವಿರುದ್ಧ ಒಂದು ಧಾರ್ಮಿಕ ಸಮುದಾಯದಿಂದ ಹೊರಟ ಮೊದಲ ಲಿಖಿತ ಪ್ರತಿಭಟನೆ ಅದು. ತಡವರಿಸುವ ಇಂಗ್ಲಿಷಿನಲ್ಲಿ ಅವರು ಕೇಳಿದ್ದು ಮನೆಮಾತಿನಂಥ ಪ್ರಶ್ನೆ. ಸಮುದ್ರದಲ್ಲಿ ಬರುವಾಗ ತುರ್ಕರು ಹಿಡಿದು ಮಾರಿಬಿಟ್ಟಾರು ಎಂದು ನಾವೆಲ್ಲ ನಡುಗಿದವರಲ್ಲವೇ. ಹಾಗಿದ್ದ ಮೇಲೆ ಈ ಕಪ್ಪು ಜನರನ್ನು ದನಗಳ ಹಾಗೆ ಮಾರುವುದು ಹೇಗೆ ಸರಿ? ಆತ್ಮಕ್ಕೆ ಸ್ವಾತಂತ್ರ್ಯ ಕೊಟ್ಟ ನಾಡು ದೇಹಕ್ಕೂ ಕೊಡಬೇಡವೇ?

ಕಾಗದ ಕ್ವೇಕರರ ಮಾಸಿಕ ಕೂಟಕ್ಕೆ ಹೋಯಿತು. ಇದು ನಮ್ಮಿಂದಾಗದ ದೊಡ್ಡ ವಿಷಯ ಎಂದು ಅವರು ತ್ರೈಮಾಸಿಕ ಕೂಟಕ್ಕೆ ದಾಟಿಸಿದರು. ಅಲ್ಲಿಂದ ವಾರ್ಷಿಕ ಕೂಟಕ್ಕೆ. ಅಲ್ಲಿ ಬದಿಗಿಟ್ಟರು. ಕಚೇರಿಗಳಲ್ಲಿ ಕಡತ ಮೇಜಿನಿಂದ ಮೇಜಿಗೆ ಜಾರುವುದನ್ನು ಕಂಡವರಿಗೆ ಈ ದಾರಿಯನ್ನು ವಿವರಿಸಬೇಕಿಲ್ಲ. ಕ್ವೇಕರರು ತಮ್ಮ ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಕೂಡದೆಂದು ಕಟ್ಟುನಿಟ್ಟು ಮಾಡಿದ್ದು 1776ರಲ್ಲಿ. ಮರೆತೇಹೋಗಿದ್ದ ಕಾಗದ 1844ರಲ್ಲಿ ಸಿಕ್ಕಿತು, ಮತ್ತೆ ಕಳೆಯಿತು, 2005ರಲ್ಲಿ ಫಿಲಡೆಲ್ಫಿಯಾದ ಕ್ವೇಕರ್ ಮಂದಿರವೊಂದರ ಭದ್ರ ಕೋಣೆಯಲ್ಲಿ ಪುನಃ ಸಿಕ್ಕಿತು. ಈಗ ಕಾಗದ ಕ್ವೇಕರರ ಸಂಗ್ರಹದಲ್ಲಿದೆ. ಅದರ ಮೇಲೆ ರುಜು ಬಿತ್ತು ಎಂದು ಪರಂಪರೆ ಹೇಳುವ ಮೇಜು ಮೆನೊನೈಟರ ಬಳಿ ಇದೆ. ಹೊರಗಿನ ಬಡಾವಣೆಯಲ್ಲಿ ಇವತ್ತು ವಾಸವಿರುವವರಲ್ಲಿ ಹೆಚ್ಚಿನವರು ಕಪ್ಪು ಜನ.

ಅದೇ 1688ರಲ್ಲಿ ಹಾಲೆಂಡಿನಿಂದ ಬಂದವನು ವಿಲಿಯಂ ರಿಟನ್‌ಹೌಸ್. ಕಸುಬು ಕಾಗದ ತಯಾರಿ. 1690ರಲ್ಲಿ ವಿಸಾಹಿಕನ್ ತೊರೆಗೆ ಸೇರುವ ಒಂದು ಹಳ್ಳದ ದಂಡೆಯಲ್ಲಿ ಅವನು ಹೂಡಿದ ಗಿರಣಿಯೇ ಅಮೆರಿಕದ ಬ್ರಿಟಿಷ್ ವಸಾಹತುಗಳ ಮೊದಲ ಕಾಗದದ ಗಿರಣಿ. ಆಗ ಕಾಗದ ಆಗುತ್ತಿದ್ದುದು ಮರದಿಂದಲ್ಲ, ಹಳೆಯ ಲಿನನ್ ಚಿಂದಿಯಿಂದ. ಜರ್ಮನ್‌ಟೌನಿನ ಹೊಲದಲ್ಲಿ ಅಗಸೆ ಬೆಳೆದು, ಮಗ್ಗದಲ್ಲಿ ಬಟ್ಟೆಯಾಗಿ, ಮೈಮೇಲೆ ಸವೆದು, ಹಳ್ಳದ ನೀರಿನಲ್ಲಿ ಕೊಳೆತು ಕುಟ್ಟಿಸಿಕೊಂಡು ಹಾಳೆಯಾಗಿ ಫಿಲಡೆಲ್ಫಿಯಾದ ಅಚ್ಚುಕೂಟಕ್ಕೆ ಹೋಗುತ್ತಿತ್ತು. ಸುಮಾರು ಹತ್ತು ವರ್ಷದ ಬಳಿಕ ನೆರೆ ಬಂದು ಗಿರಣಿಯನ್ನು ಕೊಚ್ಚಿಕೊಂಡು ಹೋಯಿತು. ರಿಟನ್‌ಹೌಸ್ ಮತ್ತೆ ಕಟ್ಟಿದ. ಅವನ ಮರಿಮಗ ಡೇವಿಡ್ 1769ರ ಶುಕ್ರ ಸಂಕ್ರಮವನ್ನು ಅಳೆದ ಖಗೋಳಜ್ಞನಾದ, ಮುಂದೆ ಅಮೆರಿಕದ ಟಂಕಸಾಲೆಯ ಮೊದಲ ನಿರ್ದೇಶಕನೂ ಆದ.

1698ರಲ್ಲಿ ಜರ್ಮನ್‌ಟೌನಿನ ಮೆನೊನೈಟ್ ಸಭೆ ಈ ಗಿರಣಿಯವನನ್ನೇ ಬೋಧಕನನ್ನಾಗಿ ಆರಿಸಿತು. ಬೋಧಿಸಲು ಅಡ್ಡಿಯಿಲ್ಲ. ಆದರೆ ದೀಕ್ಷಾಸ್ನಾನ, ಪ್ರಭುಭೋಜನ ನಡೆಸಲು ಇನ್ನೊಬ್ಬ ಹಿರಿಯ ತಲೆಯ ಮೇಲೆ ಕೈಯಿಟ್ಟು ಅಭಿಷೇಕಿಸಬೇಕು. ಅಂಥ ಕೈ ಅಟ್ಲಾಂಟಿಕ್ ಸಾಗರದ ಆಚೆ ಇತ್ತು. ಹ್ಯಾಂಬರ್ಗ್ ಪಕ್ಕದ ಆಲ್ಟೋನಾ ಸಭೆಗೆ ಕಾಗದ ಬರೆದರು. ಅಷ್ಟು ದೂರ ಹೊರಡಲು ಅಲ್ಲಿ ಯಾರೂ ತಯಾರಿರಲಿಲ್ಲ. ನೀವೇ ನಡೆಸಿಕೊಳ್ಳಿ ಎಂಬರ್ಥದ ಉತ್ತರ ಬಂತು. ಆದರೂ ಮುಂದಡಿ ಇಡಲು ಇವರಿಗೆ ವರ್ಷಗಳೇ ಬೇಕಾದವು. ಪಾದ್ರಿಗಳ ದರ್ಪ ಧಿಕ್ಕರಿಸಿ ಜ್ಯೂರಿಕ್‌ನಲ್ಲಿ ತಾವೇ ಒಬ್ಬರಿಗೊಬ್ಬರು ಸ್ನಾನ ಕೊಟ್ಟುಕೊಂಡವರ ಮರಿಮಕ್ಕಳು ಹೀಗೆ ಅನುಮತಿಗೆ ಕೂತದ್ದು ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ವಿಚಿತ್ರವಾಗಿ ಕಾಣುವ ಸಂಗತಿ. 1708ರ ಆರಂಭದಲ್ಲಿ ರಿಟನ್‌ಹೌಸ್ ತೀರಿಕೊಂಡ. ಆ ಮೇ ತಿಂಗಳಲ್ಲಿ ಯಾಕೊಬ್ ಗಾಟ್‌ಶಾಕ್ ಹನ್ನೊಂದು ಮಂದಿಗೆ ದೀಕ್ಷಾಸ್ನಾನ ಕೊಟ್ಟ. ಎರಡು ವಾರಕ್ಕೆ ಪ್ರಭುಭೋಜನವೂ ನಡೆಯಿತು. ಅದೇ ವರ್ಷ ಮರದ ದಿಮ್ಮಿಗಳ ಪ್ರಾರ್ಥನಾ ಮಂದಿರವೂ ಎದ್ದಿತು.

ಸಭೆ ದೊಡ್ಡದಾಗಲಿಲ್ಲ. ಹೊಲ ಬೇಕಾದವರು ಒಳನಾಡಿನ ಸ್ಕಿಪ್ಯಾಕ್ ಕಡೆಗೆ ನಡೆದರು. ಅಲ್ಲಿನ ಶಾಲಾ ಮೇಷ್ಟ್ರು ಕ್ರಿಸ್ಟೋಫರ್ ಡಾಕ್ ಎರಡು ಊರಿನ ಶಾಲೆಗಳಲ್ಲಿ ವಾರಕ್ಕೆ ಮೂರು ಮೂರು ದಿನ ಪಾಠ ಹೇಳುತ್ತ, ಒಂದು ಶಾಲೆಯ ಮಕ್ಕಳಿಂದ ಇನ್ನೊಂದರ ಮಕ್ಕಳಿಗೆ ಪತ್ರ ಬರೆಸಿ ತಾನೇ ಅಂಚೆಯವನಾಗಿ ಒಯ್ಯುತ್ತಿದ್ದ. ಬೋಧನೆಯ ಬಗ್ಗೆ ಅವನು ಬರೆದ ಪುಸ್ತಕ ಜರ್ಮನ್‌ಟೌನಿನಲ್ಲೇ ಅಚ್ಚಾಯಿತು, ಕಲ್ಲಿನ ಮಂದಿರ ಎದ್ದ 1770ರಲ್ಲೇ.

ಏಳು ವರ್ಷಕ್ಕೆ ಯುದ್ಧ ಆ ಬೀದಿಗೇ ಬಂತು. 1777ರ ಅಕ್ಟೋಬರ್ 4ರ ಜರ್ಮನ್‌ಟೌನ್ ಕಾಳಗದಲ್ಲಿ ಬ್ರಿಟಿಷ್ ಜನರಲ್ ಜೇಮ್ಸ್ ಆಗ್ನ್ಯೂಗೆ ಗುಂಡು ಬಿದ್ದದ್ದು ಮೆನೊನೈಟರ ಸ್ಮಶಾನದ ಗೋಡೆಯ ಮರೆಯಿಂದ ಎಂದು ಊರಿನವರ ಮಾತು. ಕೋವಿ ಮುಟ್ಟದವರ ಗೋಡೆಗೆ ಇಂಥ ಕೀರ್ತಿ!

ಮುಂದಿನ ನೂರೈವತ್ತು ವರ್ಷವನ್ನು ಬೇಗ ಹೇಳಿ ಮುಗಿಸಬಹುದು. ಊರು ನಗರದೊಳಗೆ ಕರಗಿತು, ಜರ್ಮನ್ ಮಾತು ಸವೆಯಿತು, ಸದಸ್ಯರು ಬೆರಳೆಣಿಕೆಗೆ ಇಳಿದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯುವ ಮೆನೊನೈಟರು ಓದಿಗೆ, ಕೆಲಸಕ್ಕೆ ನಗರ ಸೇರಿದಾಗ ಸಭೆಗೆ ಮತ್ತೆ ಜೀವ ಬಂತು.

ಹೊಸ ಜೀವ ಹೊಸ ಜಗಳವನ್ನೂ ತಂದಿತು. ಕತ್ತಿ ಹಿಡಿಯದ ಮೆನೊನೈಟರಿಗೆ ಮೊದಲಿನಿಂದಲೂ ಇದ್ದ ಒಂದೇ ಅಸ್ತ್ರ ಬಹಿಷ್ಕಾರ. 1693ರಲ್ಲಿ ಆಮಿಶ್ ಪಂಗಡ ಒಡೆದು ಬೇರೆಯಾದದ್ದರಲ್ಲೂ ಅದರದೇ ದೊಡ್ಡ ಪಾತ್ರ. ಸಲಿಂಗಿಗಳನ್ನೂ ಪೂರ್ಣ ಸದಸ್ಯರೆಂದು ಜರ್ಮನ್‌ಟೌನ್ ಸಭೆ ಒಪ್ಪಿಕೊಂಡಾಗ, ಅದು ಸೇರಿದ್ದ ಮೆನೊನೈಟ್ ಸಭೆಗಳ ಫ್ರಾಂಕೋನಿಯಾ ಒಕ್ಕೂಟ ಅದೇ ಅಸ್ತ್ರ ಎತ್ತಿತು. ವರ್ಷಗಳ ಮಾತುಕತೆಯ ನಂತರ 1997ರಲ್ಲಿ ತನ್ನ ಅತ್ಯಂತ ಹಳೆಯ ಸಭೆಯನ್ನೇ ಹೊರಗಿಟ್ಟಿತು.

ಕಲ್ಲಿನ ಮಂದಿರ ಈಗ ವಸ್ತುಸಂಗ್ರಹಾಲಯ. ಮೇಜು ಅಲ್ಲೇ ಇದೆ. ಸಭೆ ಮಾತ್ರ ಹತ್ತಿರದ ಇನ್ನೊಂದು ಕಟ್ಟಡದಲ್ಲಿ ಸೇರುವುದನ್ನು ಬಿಡಲಿಲ್ಲ. ಈ ಸಲ ಯಾರ ಅನುಮತಿಯ ಕಾಗದಕ್ಕೂ ಕಾಯಲಿಲ್ಲ.